ನಮ್ಮ ಕೋಶ ಸಭೆ ಸೇರುವುದಿಲ್ಲ

ವಿದ್ಯುತ್ ಸುರಕ್ಷತಾ ಕಚೇರಿಯ ಮುಖ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮ್ಮ ಹೆರಿಗೆ ಮನೆಯ ಹಿಂದಿನ ವರಾಂಡದಲ್ಲಿ ನಿಂತಿರುವ ಒಂದು ಕಬ್ಬಿಣದ ಪೆಟ್ಟಿಗೆಯನ್ನು ತಾವು ಕಳೆದ ಸೋಮವಾರ ವಿಸರ್ಜಿಸಿದ್ದೀರಿ. ಮುಚ್ಚಿದ್ದೀರಿ ಎಂದೋ ಬೀಗ ಹಾಕಿಸಿದ್ದೀರಿ ಎಂದೋ ನಾನು ಬರೆಯಬಹುದಿತ್ತು. ಆದರೆ ತಮ್ಮ ಆದೇಶದಲ್ಲಿರುವ ಪದ ವಿಸರ್ಜನೆ, ಮತ್ತು ಪದಗಳ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. "ಸದರಿ ಕೋಶವು ಯಾವುದೇ ಚಟುವಟಿಕೆಯಿಲ್ಲದೆ ನಿಷ್ಕ್ರಿಯವಾಗಿರುವುದು ತಪಾಸಣೆಯಲ್ಲಿ ಕಂಡುಬಂದಿರುವುದರಿಂದ ಅದನ್ನು ಈ ಕೂಡಲೇ ವಿಸರ್ಜಿಸಲಾಗಿದೆ. ಅದರ ಸದಸ್ಯರು ತಮ್ಮ ತಮ್ಮ ಮೂಲಸ್ಥಾನಗಳಿಗೆ ಮರಳತಕ್ಕದ್ದು." ಕೆಳಗೆ ತಮ್ಮ ಸಹಿ, ಅದರ ಪಕ್ಕದಲ್ಲಿ ದುಂಡನೆಯ ಮುದ್ರೆ. ಮಾನ್ಯರೇ, ಆ ಪೆಟ್ಟಿಗೆಯ ಸದಸ್ಯರು ಇಬ್ಬರೇ: ಹೈಡ್ರೋಜನ್ ಮತ್ತು ಆಮ್ಲಜನಕ. ಆಮ್ಲಜನಕವು ತಮ್ಮ ಆದೇಶ ಅಂಚೆಗೆ ಬೀಳುವ ಮೊದಲೇ ಮೂಲಸ್ಥಾನವಾದ ಗಾಳಿಗೆ ಮರಳಿದೆ. ಹೈಡ್ರೋಜನ್ ಮಾತ್ರ ಸಿಲಿಂಡರಿನೊಳಗೆ ಕುಳಿತು ಮುಂದಿನ ಸೂಚನೆಗೆ ಕಾಯುತ್ತಿದೆ.

ನಾನು ಈ ಹೆರಿಗೆ ಮನೆಯ ದಾಖಲೆಗಾರ್ತಿ. ಆರು ಹಾಸಿಗೆ, ಒಂದು ಹೆರಿಗೆ ಕೋಣೆ, ಲಸಿಕೆ ಇಡುವ ಒಂದು ಫ್ರಿಜ್, ಸಣ್ಣ ಕೂಸುಗಳನ್ನು ಬೆಚ್ಚಗಿಡುವ ಒಂದು ಶಾಖಪೆಟ್ಟಿಗೆ, ಬಾಗಿಲ ಬಳಿ ನನ್ನ ಮೇಜು: ಇಷ್ಟೇ ನಮ್ಮ ಸಂಸ್ಥೆ. ಹುಟ್ಟಿದ ಮಕ್ಕಳ ತೂಕ, ಗಂಟೆ, ನಿಮಿಷಗಳನ್ನು ಇಪ್ಪತ್ತಾರು ವರ್ಷಗಳಿಂದ ಬರೆಯುತ್ತಿದ್ದೇನೆ. ಇಲ್ಲಿನ ಸೂಲಗಿತ್ತಿ ನನ್ನ ತಂಗಿ. ಈ ಪತ್ರವನ್ನು ನಿಸ್ವಾರ್ಥ ನಾಗರಿಕ ಕಾಳಜಿ ಎಂದು ತಾವು ದಯವಿಟ್ಟು ತಪ್ಪು ತಿಳಿಯಬಾರದು. ಮುಂದಿನ ತಿಂಗಳ ಹನ್ನೆರಡನೇ ತಾರೀಖಿನ ಸುಮಾರಿಗೆ ನನ್ನ ಮಗಳ ಹೆರಿಗೆ, ಇದೇ ಕೋಣೆಯಲ್ಲಿ, ಅವಳ ಚಿಕ್ಕಮ್ಮನ ಕೈಯಲ್ಲಿ. ಅಷ್ಟರೊಳಗೆ ಪೆಟ್ಟಿಗೆಗೆ ತಾವು ಅಂಟಿಸಿರುವ ಕೆಂಪು ಪಟ್ಟಿ ಹೋಗಬೇಕು. ನನ್ನ ಸ್ವಾರ್ಥ ಅಷ್ಟು ಸ್ಪಷ್ಟವಾದದ್ದು.

ಒಂದು ಪಟ್ಟಿಗೆ ಇಷ್ಟು ರಂಪವೇಕೆ ಎಂದು ತಾವು ಕೇಳಬಹುದು. ಅದಕ್ಕೆ ಮೊದಲು ಮಾವನ ಪರಿಚಯವಾಗಬೇಕು.

ಮಾವ ಎಂದರೆ ನಮ್ಮ ಡೀಸೆಲ್ ಜನರೇಟರ್. ಆ ಹೆಸರಿಟ್ಟವಳು ನಮ್ಮ ಆಯಮ್ಮ. ಹೆರಿಗೆ ಕೋಣೆಯ ಬಾಗಿಲು ಕಾಯುವುದು, ನೆಲ ಒರೆಸುವುದು, ಗಾಬರಿಯಾದ ಗಂಡಂದಿರನ್ನು ಗದರಿಸುವುದು ಅವಳ ಕೆಲಸ. "ಎಬ್ಬಿಸೋಕೆ ಮೂರು ಸಲ ಕರೀಬೇಕು, ಎದ್ದ ಮೇಲೆ ಕೆಮ್ತಾನೆ, ಆಮೇಲೆ ಮನೆಗೆಲ್ಲಾ ಕೇಳೋ ಹಾಗೆ ಕೂಗಾಡ್ತಾನೆ, ಕೊನೆಗೆ ಹೊಗೆ ಬಿಡ್ತಾನೆ. ಮಾವ ಅಲ್ದೆ ಇನ್ನೇನು?" ಎಂದು ಅವಳ ವಾದ. ನಮ್ಮ ಬೀದಿಯಲ್ಲಿ ಮಧ್ಯಾಹ್ನ ಎರಡರಿಂದ ಐದರ ನಡುವೆ ಕರೆಂಟು ಯಾವಾಗ ಹೋಗುತ್ತದೆಂದು ಯಾರೂ ಹೇಳಲಾರರು. ಹೋದರೆ ಮಾವನೇ ಗತಿ. ಅವನು ಎದ್ದ ಕೂಡಲೇ ಹಿಂದಿನ ಕಿಟಕಿಗಳನ್ನೆಲ್ಲ ಮುಚ್ಚಬೇಕು. ಇಲ್ಲದಿದ್ದರೆ ಲೋಕಕ್ಕೆ ಬಂದ ಕೂಸು ಎಳೆದುಕೊಳ್ಳುವ ಮೊದಲ ಉಸಿರೇ ಡೀಸೆಲ್ ಹೊಗೆ.

ಹೊಗೆಯನ್ನಾದರೂ ಕಿಟಕಿ ತಡೆಯುತ್ತದೆ, ಸದ್ದನ್ನು ತಡೆಯುವುದಿಲ್ಲ. ನನ್ನ ತಂಗಿಯ ಬಳಿ ಮರದ ಒಂದು ಪುಟ್ಟ ಕೊಳವೆಯಿದೆ, ತುತ್ತೂರಿಯ ಆಕಾರದ್ದು. ಅಗಲ ಬಾಯನ್ನು ಬಸುರಿಯ ಹೊಟ್ಟೆಯ ಮೇಲಿಟ್ಟು, ಇನ್ನೊಂದು ತುದಿಗೆ ಕಿವಿಯಾನಿಸಿ, ಅವಳು ಒಳಗಿನ ಕೂಸಿನ ಎದೆಬಡಿತ ಎಣಿಸುತ್ತಾಳೆ. ಎದೆಬಡಿತ ತೋರಿಸುವ ಯಂತ್ರವೂ ಒಂದಿದೆ; ಅದನ್ನು ಅವಳು ಬಳಸುತ್ತಾಳೆ, ನಂಬುವುದು ಮಾತ್ರ ತನ್ನ ಕಿವಿಯನ್ನು. ಹೆರಿಗೆ ಹತ್ತಿರವಾದಂತೆ ಐದೈದು ನಿಮಿಷಕ್ಕೊಮ್ಮೆ ಕೇಳಬೇಕು. ಬಡಿತ ತಗ್ಗಿದರೆ ಆ ಕ್ಷಣವೇ ತಿಳಿಯಬೇಕು, ಆಮೇಲಲ್ಲ. ಮಾವ ಕೂಗಾಡುತ್ತಿದ್ದರೆ ಆ ಕೊಳವೆಯಲ್ಲಿ ಕೇಳಿಸುವುದು ಮಾವ ಒಬ್ಬನೇ. ಹೀಗಾಗಿ ವರ್ಷಗಳಿಂದ ನಮ್ಮಲ್ಲಿ ಒಂದು ಪದ್ಧತಿ ಬೆಳೆದಿತ್ತು: ಕೇಳಬೇಕಾದಾಗ ಮಾವನನ್ನು ನಿಲ್ಲಿಸುವುದು, ನೋಡಬೇಕಾದಾಗ ಎಬ್ಬಿಸುವುದು. ಎರಡೂ ಒಟ್ಟಿಗೆ ಬೇಕಾದಾಗ ಏನು ಮಾಡಬೇಕೆಂಬುದನ್ನು ನಾವು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಇಷ್ಟಕ್ಕೂ ಮಾವನಿಗೆ ತಮ್ಮ ಕಚೇರಿಯ ಅನುಮತಿ ಪತ್ರವಿದೆ, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಬಿಟ್ಟಿದ್ದೇವೆ.

ಈ ಸ್ಥಿತಿಯಲ್ಲಿ ಬೋಲ್ಟು ಬಂದ. ಪಕ್ಕದ ಬೀದಿಯ ಮೊಬೈಲ್ ಗೋಪುರವನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಅವನು. ಕುಳ್ಳಗೆ, ಗಟ್ಟಿಯಾಗಿ, ಕುಳಿತಲ್ಲಿಂದ ಸುಲಭಕ್ಕೆ ಏಳದವನಾದ್ದರಿಂದ ಎಲ್ಲರೂ ಅವನನ್ನು ಹಾಗೆ ಕರೆಯುತ್ತಾರೆ. ಅವನ ಇಬ್ಬರು ಮಕ್ಕಳೂ ನನ್ನ ದಾಖಲೆ ಪುಸ್ತಕದಲ್ಲಿದ್ದಾರೆ. ಗೋಪುರಕ್ಕೆ ದೊಡ್ಡ ಯಂತ್ರ ಬಂದದ್ದರಿಂದ ಹಳೆಯದನ್ನು ಕೈಬಿಡುತ್ತಿದ್ದಾರೆ, ಮೇಲಿನವರನ್ನು ಕೇಳಿ ನಮಗೇ ಕೊಡಿಸುತ್ತೇನೆ ಎಂದ. ಕೊಡಿಸಿದ. ಬೀರುವಿನಷ್ಟು ಎತ್ತರದ ಬೂದು ಬಣ್ಣದ ಪೆಟ್ಟಿಗೆ ನಾಲ್ಕು ಜನರ ಹೆಗಲ ಮೇಲೆ ವರಾಂಡಕ್ಕೆ ಬಂದು ನಿಂತಿತು. ಕರೆಂಟಿಲ್ಲದ ಒಂದು ಮಧ್ಯಾಹ್ನ ಮೊದಲ ಸಲ ಚಾಲೂ ಮಾಡಿದಾಗ ನಾವೆಲ್ಲ ಕಿವಿಗೆ ಬೆರಳಿಟ್ಟುಕೊಂಡು ಕಾದೆವು. ಐದು ನಿಮಿಷವಾದರೂ ಏನೂ ಆಗಲಿಲ್ಲ. ಆಮೇಲೆ ನೋಡಿದರೆ ದೀಪ ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು. ಪೆಟ್ಟಿಗೆಯಿಂದ ಬರುತ್ತಿದ್ದದ್ದು ಪುಸ್ತಕದ ಹಾಳೆ ಮಗುಚಿದಷ್ಟು ಸದ್ದು.

"ಇದಕ್ಕೆ ಸೊಸೆ ಅಂತ ಹೆಸರಿಡೋಣ. ಬಾಯೇ ಬಿಡಲ್ಲ, ಕೆಲಸ ಮಾತ್ರ ಮಾಡುತ್ತೆ," ಎಂದ ಬೋಲ್ಟು, ಹೆಮ್ಮೆಯಿಂದ.

ಕೈಗವಸು ಎಣಿಸುತ್ತಿದ್ದ ತಂಗಿ ತಲೆಯೆತ್ತಿದಳು. "ಹಾಗೋ? ಇದೇ ಮಾತನ್ನ ಮನೇಲಿ ಹೋಗಿ ಹೇಳಪ್ಪ, ನಿನ್ನ ಹೆಂಡ್ತಿ ಏನಂತಾಳೆ ನೋಡೋಣ. ಅಳಿಯ ಅಂತ ಕರಿ. ಲೋಕದಲ್ಲಿ ಒಬ್ಬ ಅಳಿಯನಾದ್ರೂ ಸದ್ದಿಲ್ಲದೆ ದುಡೀಲಿ."

ಅಂದಿನಿಂದ ಅದು ಅಳಿಯ. ಮಾವನ ಮೇಲೆ ಗೋಣಿತಾಟು ಹೊದಿಸಿದೆವು.

ಆಯಮ್ಮನಿಗೆ ಮಾತ್ರ ಸಮಾಧಾನವಿರಲಿಲ್ಲ. ಪೆಟ್ಟಿಗೆಯನ್ನು ಮೂರು ಸುತ್ತು ಹಾಕಿ ಬಂದು ಸೊಂಟಕ್ಕೆ ಕೈಕೊಟ್ಟು ನಿಂತಳು. "ಬೆಂಕಿ ಇಲ್ಲ, ಹೊಗೆ ಇಲ್ಲ, ಗರಗರ ತಿರುಗೋದು ಏನೂ ಇಲ್ಲ. ಕರೆಂಟು ಎಲ್ಲಿಂದ ಬರುತ್ತೆ? ಎಲ್ಲೋ ತಂತಿ ಎಳ್ದಿದೀಯ. ನಿಜ ಹೇಳು."

"ಆಯಮ್ಮ, ನೀವು ಹೆರಿಗೆ ಕೋಣೆ ಬಾಗಿಲಲ್ಲಿ ಏನು ಮಾಡ್ತೀರಿ?" ಎಂದು ಕೇಳಿದ ಬೋಲ್ಟು.

"ಬಸುರೀನ ಒಳಗೆ ಬಿಡ್ತೀನಿ. ಗಂಡನ್ನ ಬಿಡಲ್ಲ."

"ಗಂಡ ಏನು ಮಾಡ್ತಾನೆ?"

"ವರಾಂಡ ಸುತ್ತಿಕೊಂಡು ಹಿಂದಿನ ಬಾಗಿಲಿಗೆ ಬರ್ತಾನೆ. ಸುಮ್ನೆ ಯಾಕೆ ಸುತ್ಬೇಕು ಅಂತ ಒಂದು ಬಕೆಟ್ ನೀರು ಹೊರಿಸ್ತೀನಿ, ಒಂದು ಮಂಚ ಸರಿಸೋಕೆ ಹೇಳ್ತೀನಿ."

"ಅಷ್ಟೇ ಕಣಮ್ಮ. ಇದರೊಳಗೆ ನಿಮ್ಮಂಥೋಳು ಒಬ್ಬಳು ಕೂತಿದಾಳೆ."

ಮಾನ್ಯರೇ, ಇಂಥ ಪೆಟ್ಟಿಗೆ ಹೇಗೆ ಕೆಲಸ ಮಾಡುತ್ತದೆಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಪುಸ್ತಕ ನನಗೆ ಸಿಕ್ಕಿಲ್ಲ. ಆದರೂ ತಮ್ಮ ಕಡತಕ್ಕಾಗಿ ನಿಖರವಾಗಿ ಬರೆಯುತ್ತೇನೆ. ಪೆಟ್ಟಿಗೆಯ ಒಂದು ಬದಿಗೆ ಹೈಡ್ರೋಜನ್ ಬರುತ್ತದೆ, ಇನ್ನೊಂದು ಬದಿಗೆ ಮಾಮೂಲಿ ಗಾಳಿ. ನಡುವೆ ಕಾಗದದಷ್ಟು ತೆಳ್ಳಗಿನ ಒಂದು ಪೊರೆ. ಪೊರೆಯ ಎರಡೂ ಮೈಗೆ ಪ್ಲಾಟಿನಂ ಲೇಪ. ಈ ಲೇಪವನ್ನು ಮುಟ್ಟಿದ ಹೈಡ್ರೋಜನ್ ಪರಮಾಣು ಎರಡಾಗಿ ಬೇರೆಯಾಗುತ್ತದೆ: ಒಂದು ಪ್ರೋಟಾನ್, ಒಂದು ಎಲೆಕ್ಟ್ರಾನ್. ಪೊರೆ ಪ್ರೋಟಾನನ್ನು ನೇರವಾಗಿ ಒಳಗೆ ಬಿಡುತ್ತದೆ, ಎಲೆಕ್ಟ್ರಾನನ್ನು ಬಿಡುವುದಿಲ್ಲ. ಎಲೆಕ್ಟ್ರಾನಿಗೆ ಆಚೆ ಬದಿಗೆ ಹೋಗಲು ಇರುವುದು ಒಂದೇ ದಾರಿ, ಹೊರಗಿನ ತಂತಿ. ಆ ಸುತ್ತು ದಾರಿಯಲ್ಲಿ ನಾವು ದೀಪ, ಫ್ರಿಜ್, ಶಾಖಪೆಟ್ಟಿಗೆ ಇಟ್ಟು ಅದರಿಂದ ಕೆಲಸ ಮಾಡಿಸಿಕೊಳ್ಳುತ್ತೇವೆ. ಹಾಗೆ ದುಡಿಸಿಕೊಳ್ಳುವುದಕ್ಕೇ ವಿದ್ಯುತ್ತು ಎಂದು ಹೆಸರು. ಆಚೆ ಬದಿಯಲ್ಲಿ ಎರಡೂ ಮತ್ತೆ ಸೇರಿ, ಅಲ್ಲಿ ಕಾದಿರುವ ಆಮ್ಲಜನಕದ ಜೊತೆ ಕೂಡಿ ನೀರಾಗುತ್ತವೆ. ಏನನ್ನೂ ಸುಡುವುದಿಲ್ಲ, ಆದ್ದರಿಂದ ಹೊಗೆಯಿಲ್ಲ. ಬಡಿಯುವ ಭಾಗಗಳಿಲ್ಲ, ಆದ್ದರಿಂದ ಸದ್ದಿಲ್ಲ. ಗಾಳಿ ಎಳೆದುಕೊಳ್ಳುವ ಒಂದು ಸಣ್ಣ ಫ್ಯಾನು ಮಾತ್ರ ಇದೆ. ಬ್ಯಾಟರಿಯಂತೆ ಇದು ಖಾಲಿಯಾಗುವುದೂ ಇಲ್ಲ: ಅನಿಲ ಬರುತ್ತಿರುವಷ್ಟು ಹೊತ್ತು ವಿದ್ಯುತ್ತು ಬರುತ್ತಿರುತ್ತದೆ. ಇಂಥ ಒಂದು ಪೊರೆಯಿಂದ ಸಿಗುವುದು ಒಂದು ವೋಲ್ಟಿಗೂ ಕಡಿಮೆ, ಆದ್ದರಿಂದ ನಲವತ್ತೆಂಟನ್ನು ಬಿಗಿಯಾಗಿ ಜೋಡಿಸಿ ಒಂದು ಅಟ್ಟಿ ಮಾಡಿರುತ್ತಾರೆ. ಕರೆಂಟು ಹೋದ ಮೊದಲ ಅರ್ಧ ನಿಮಿಷ ಒಂದು ಪುಟ್ಟ ಬ್ಯಾಟರಿ ಕೈಹಿಡಿಯುತ್ತದೆ, ಆಮೇಲೆ ಅಳಿಯನೇ ಮನೆ ನಡೆಸುತ್ತಾನೆ. ಆಯಮ್ಮನ ಬಾಗಿಲಿನ ಹೋಲಿಕೆ ಒಂದು ಕಡೆ ಕುಂಟುತ್ತದೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ: ಒಂದೊಂದು ಆಮ್ಲಜನಕ ಪರಮಾಣುವಿಗೆ ಎರಡೆರಡು ಹೈಡ್ರೋಜನ್ ದಂಪತಿ ಬೇಕು. ಅಂಥ ಹೆರಿಗೆ ನಮ್ಮಲ್ಲಿ ಈವರೆಗೆ ಆಗಿಲ್ಲ.

"ಕೊನೆಗೆ ಮಗು ಹುಟ್ಟುತ್ತಾ?" ಎಂದು ಆಯಮ್ಮ ಕೇಳಿದ್ದಳು.

"ನೀರು ಹುಟ್ಟುತ್ತೆ," ಎಂದು ಬೋಲ್ಟು ಕೆಳಗಿನ ಕೊಳವೆ ತೋರಿಸಿದ. ಅಲ್ಲಿಂದ ತೊಟ್ಟಿಕ್ಕುತ್ತಿದ್ದ ನೀರಿಗೆ ಆಯಮ್ಮ ಸ್ಟೀಲ್ ಲೋಟ ಹಿಡಿದಳು. "ಅಳಿಯ ಬಂದರೆ ನಾವು ನೀರು ಕೊಡ್ತೀವಿ. ಇವನು ತಾನೇ ಕೊಡ್ತಾನಲ್ಲ!"

ಅನಿಲ ಎಲ್ಲಿಂದ ಬರುತ್ತದೆ ಎಂದು ತಾವು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದು. ಹೈಡ್ರೋಜನ್ ತಾನಾಗಿ ಎಲ್ಲೂ ಬಿದ್ದಿರುವುದಿಲ್ಲ, ಮಾಡಬೇಕು. ನೆಲದಡಿಯ ಅನಿಲದಿಂದ ಮಾಡಿದರೆ ಹೊಗೆ ನಮ್ಮ ವರಾಂಡ ಬಿಟ್ಟು ಇನ್ನೊಬ್ಬರ ವರಾಂಡಕ್ಕೆ ಹೋದಂತೆ. ನಮಗೆ ಸಿಲಿಂಡರು ಬರುವುದು ಊರ ಹೊರಗಿನ ಒಂದು ಕಾರ್ಖಾನೆಯಿಂದ. ಅಲ್ಲಿ ಬಿಸಿಲಿನಿಂದ ಪಡೆದ ವಿದ್ಯುತ್ತು ಹಾಯಿಸಿ ನೀರನ್ನು ಒಡೆಯುತ್ತಾರೆ. "ನೀರು ಒಡೆದು ಮತ್ತೆ ನೀರು ಮಾಡೋಕೆ ಇಷ್ಟೆಲ್ಲಾ ಯಾಕೆ?" ಎಂದು ಆಯಮ್ಮ ಇದನ್ನೂ ಕೆದಕಿದ್ದಳು. "ಬಿಸಿಲಿದ್ದಾಗ ಕಟ್ಟಿಟ್ಕೊಂಡು ಬೇಕಾದಾಗ ಬಿಚ್ಚೋದು ಆಯಮ್ಮ, ಬುತ್ತಿ ಥರ," ಎಂದ ಬೋಲ್ಟು. ಹೈಡ್ರೋಜನ್ ಹೊತ್ತಿಕೊಳ್ಳುವ ಅನಿಲ ಎಂಬುದನ್ನೂ ನಾವು ಮರೆತಿಲ್ಲ. ಸಿಲಿಂಡರುಗಳು ತೆರೆದ ವರಾಂಡದಲ್ಲಿವೆ, ಸೋರಿದರೆ ಮೇಲಕ್ಕೆ ಹಾರಿಹೋಗಲು ಸೂರಿನಲ್ಲಿ ಕಿಂಡಿಗಳಿವೆ, ಸೋರಿಕೆ ಪತ್ತೆಹಚ್ಚಿ ಕಿರುಚುವ ಉಪಕರಣವಿದೆ. ಬೆಂಕಿ ನಂದಿಸುವ ಠಾಣೆಯವರು ಬಂದು ಎರಡು ಗಂಟೆ ಪರೀಕ್ಷಿಸಿ, ಪ್ರಾಯೋಗಿಕವಾಗಿ ನಡೆಸಬಹುದೆಂದು ಬರೆದುಕೊಟ್ಟಿದ್ದಾರೆ. ಬಾಕಿ ಇದ್ದದ್ದು ತಮ್ಮ ಸಹಿ ಮಾತ್ರ.

ಇಲ್ಲಿಗೆ ನನ್ನ ತಪ್ಪಿನ ವಿಷಯ ಬರುತ್ತದೆ. ಅದನ್ನು ಮುಚ್ಚಿಟ್ಟು ತಮ್ಮೊಬ್ಬರನ್ನೇ ದೂರುವುದು ಸರಿಯಲ್ಲ.

ಅರ್ಜಿ ಬರೆದವಳು ನಾನು. "ಅಕ್ಕಾ, ಫ್ಯೂಯೆಲ್ ಸೆಲ್ ಅಂತಲೇ ಬರೀರಿ, ಎಲ್ಲರಿಗೂ ಗೊತ್ತಾಗುತ್ತೆ," ಎಂದು ಬೋಲ್ಟು ಹೇಳಿದ್ದ. ನಾನು ಕೇಳಲಿಲ್ಲ. ಬಿಡುವಿನಲ್ಲಿ ಅನುವಾದಿತ ಕಾದಂಬರಿಗಳನ್ನು ಓದುವುದು, ಅನುವಾದಕರು ಎಡವಿದ ಕಡೆಯೆಲ್ಲ ಪೆನ್ಸಿಲಿನಿಂದ ಸಣ್ಣ ಗೆರೆ ಎಳೆಯುವುದು ನನ್ನ ಬಹುಕಾಲದ ಚಟ. ಅಂಥವಳ ಕೈಗೆ ಒಮ್ಮೆ ಅನುವಾದ ಮಾಡುವ ಅವಕಾಶ ಸಿಕ್ಕರೆ ಬಿಡುತ್ತಾಳೆಯೇ? ಪಠ್ಯಪುಸ್ತಕಗಳಲ್ಲಿರುವ ಸರಿಯಾದ ಪದ ಹುಡುಕಿ, ಶುದ್ಧ ಭಾಷೆಯಲ್ಲಿ ಬರೆದೆ. ಆ ಅರ್ಜಿಯ ಪ್ರತಿ ಈಗ ನನ್ನ ಮುಂದಿದೆ: "ನಮ್ಮ ಸಂಸ್ಥೆಯಲ್ಲಿ ಒಂದು ಇಂಧನ ಕೋಶವನ್ನು ಸ್ಥಾಪಿಸಲು ಅನುಮತಿ ಕೋರುತ್ತೇವೆ. ಕೋಶದಲ್ಲಿ ನಲವತ್ತೆಂಟು ಘಟಕಗಳಿದ್ದು ಅವು ಸದಾ ಪರಸ್ಪರ ಸಂಪರ್ಕದಲ್ಲಿರುತ್ತವೆ. ವ್ಯವಸ್ಥೆ ಕೈಕೊಟ್ಟ ಕೂಡಲೇ ಕೋಶವು ಯಾರ ಅಪ್ಪಣೆಗೂ ಕಾಯದೆ, ಸದ್ದಿಲ್ಲದೆ ಕಾರ್ಯಪ್ರವೃತ್ತವಾಗುತ್ತದೆ. ಕೋಶದ ಋಣ ಮತ್ತು ಧನ ತುದಿಗಳೆರಡೂ ಭದ್ರವಾಗಿವೆ."

ಇದನ್ನು ಬರೆದ ದಿನ ನನಗೆ ಬಹಳ ಸಂತೋಷವಾಗಿತ್ತು. ಈಗ ತಮ್ಮ ಕಚೇರಿಯ ಗುಮಾಸ್ತರ ಕಣ್ಣಿನಿಂದ ಓದಿದರೆ ನನಗೇ ಎದೆ ಝಲ್ಲೆನ್ನುತ್ತದೆ. ತಮ್ಮ ಕಟ್ಟಡದಲ್ಲಿ ಕೋಶವೆಂದರೆ ಐದು ಕುರ್ಚಿ ಮತ್ತು ಒಂದು ಹಾಜರಿ ಪುಸ್ತಕ. ಮೆಟ್ಟಿಲು ಹತ್ತುವಾಗಲೇ ದೂರು ಕೋಶ, ಸಮನ್ವಯ ಕೋಶ, ಮೇಲ್ವಿಚಾರಣಾ ಕೋಶ ಎಂಬ ಫಲಕಗಳು ಸಾಲಾಗಿ ಕಾಣುತ್ತವೆ. ಅಂಥ ಕಡೆಗೆ ಒಂದು ಹೆರಿಗೆ ಮನೆ ಪತ್ರ ಬರೆದು, ನಲವತ್ತೆಂಟು ಘಟಕಗಳುಳ್ಳ, ವ್ಯವಸ್ಥೆ ಕುಸಿಯುವುದನ್ನೇ ಕಾಯುತ್ತಿರುವ, ಸದ್ದಿಲ್ಲದೆ ಕೆಲಸ ಮಾಡುವ ಕೋಶ ಕಟ್ಟುತ್ತೇವೆ ಎಂದರೆ ಯಾರಿಗೆ ತಾನೇ ದಿಗಿಲಾಗುವುದಿಲ್ಲ? ಪೊಲೀಸರನ್ನು ಕಳಿಸದೆ ಪ್ರಶ್ನಾವಳಿ ಕಳಿಸಿದ್ದು ತಮ್ಮ ದೊಡ್ಡ ಗುಣ.

ಆ ಪ್ರಶ್ನಾವಳಿಯಲ್ಲಿ ಹದಿನಾಲ್ಕು ಪ್ರಶ್ನೆಗಳಿದ್ದವು. ಕೋಶದ ಅಧ್ಯಕ್ಷರು ಯಾರು? ನಲವತ್ತೆಂಟು ಘಟಕಗಳು ಯಾವ ಯಾವ ಊರುಗಳಲ್ಲಿವೆ? ಋಣವೆಷ್ಟು, ಧನವೆಷ್ಟು? ಈವರೆಗೆ ನಡೆದ ಸಭೆಗಳ ನಡಾವಳಿ ಲಗತ್ತಿಸಿ. ನಾನು ಎಲ್ಲಕ್ಕೂ ಸತ್ಯವಾಗಿ ಉತ್ತರಿಸಿದೆ. ಅಧ್ಯಕ್ಷರಿಲ್ಲ. ಘಟಕಗಳೆಲ್ಲ ಒಂದೇ ಪೆಟ್ಟಿಗೆಯಲ್ಲಿ ಒತ್ತೊತ್ತಾಗಿ ನಿಂತಿವೆ. ಋಣ ಮತ್ತು ಧನ ಎಂದರೆ ತಂತಿ ಸಿಕ್ಕಿಸುವ ಎರಡು ತುದಿಗಳು. ನಮ್ಮ ಕೋಶ ಸಭೆ ಸೇರುವುದಿಲ್ಲ. ತಮ್ಮ ಕಚೇರಿ ಇದರ ಮೇಲೆ "ಉತ್ತರ ಅಸ್ಪಷ್ಟ, ಸ್ಥಳ ತಪಾಸಣೆ ಅಗತ್ಯ" ಎಂದು ಷರಾ ಬರೆಯಿತು. ಒಂದನ್ನು ಮಾತ್ರ ವಿನಯದಿಂದ ಕೇಳುತ್ತೇನೆ: ವಿದ್ಯುತ್ ಸುರಕ್ಷತೆಯ ಹೆಸರು ಹೊತ್ತ ಕಚೇರಿಯ ಆ ಹದಿನಾಲ್ಕರಲ್ಲಿ ಹೈಡ್ರೋಜನ್ ಬಗ್ಗೆ ಒಂದಾದರೂ ಇರಬಾರದಿತ್ತೇ? ಸಿಲಿಂಡರು ಎಲ್ಲಿಟ್ಟಿದ್ದೀರಿ, ಗಾಳಿಯಾಡುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ನಾಲ್ಕು ಪುಟ ಬರೆಯುತ್ತಿದ್ದೆ.

ತಪಾಸಣಾಧಿಕಾರಿಗಳು ಒಂದು ಮಧ್ಯಾಹ್ನ ಬಂದರು. ಸಭ್ಯರು, ಬಾಗಿಲಲ್ಲೇ ಚಪ್ಪಲಿ ಕಳಚಿದರು. ಬೋಲ್ಟು ಒಗೆದ ಅಂಗಿ ಹಾಕಿಕೊಂಡು ವರಾಂಡದಲ್ಲಿ ಕಾದಿದ್ದ.

"ಎಲ್ಲಿದೆ ಕೋಶ?"

"ಇದೇ ಸಾರ್."

"ಇದು ಬೀರು ಕಣ್ರೀ."

"ಇದರೊಳಗಿದೆ ಸಾರ್."

ಅಧಿಕಾರಿಗಳು ಒಂದು ಹೆಜ್ಜೆ ಹಿಂದೆ ಸರಿದರು. "ಒಳಗೆ ಎಷ್ಟು ಜನ ಇದಾರೆ?"

ಬೋಲ್ಟು ಬಾಯಿ ತೆರೆಯುವಷ್ಟರಲ್ಲಿ ಎದುರು ಬೀದಿಯ ದರ್ಜಿಯ ಹೊಲಿಗೆ ಯಂತ್ರ ತಟ್ಟನೆ ನಿಂತು, ಅವನು ವಿದ್ಯುತ್ ಕಂಪನಿಯ ವಂಶವನ್ನೆಲ್ಲ ನೆನೆಯುವುದು ಕೇಳಿಸಿತು. ಕರೆಂಟು ಹೋಗಿತ್ತು. ನಮ್ಮ ದೀಪ ಕಣ್ಣು ಮಿಟುಕಿಸಲೂ ಇಲ್ಲ. ಇಂಥ ಗಳಿಗೆ ಕೇಳಿದರೂ ಸಿಗುವುದಿಲ್ಲವೆಂದು ಬೋಲ್ಟು ಕುಣಿದಾಡಿಬಿಟ್ಟ.

"ಓಡ್ತಿದೆ ಸಾರ್! ಈಗ ಓಡ್ತಿದೆ!"

"ಏನು ಓಡ್ತಿದೆ?"

"ಕೋಶ ಸಾರ್!"

"ಎಲ್ಲಿಗೆ?"

ಆಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ನಾನು ಕರೆಂಟು ಹೋಗಿರುವುದನ್ನು ವಿವರಿಸಲು ನೋಡಿದೆ. ಅಧಿಕಾರಿಗಳು ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನನ್ನು ದಿಟ್ಟಿಸಿ, "ಎಲ್ಲಮ್ಮ ಹೋಗಿದೆ? ಇದೆಯಲ್ಲ!" ಎಂದರು. ಎರಡು ಕಪ್ ಚಹಾ ಕುಡಿದು, ಸುತ್ತಲೂ ನೋಡಿ, ಏನೂ ಆಗುತ್ತಿಲ್ಲವೆಂದು ಖಚಿತಪಡಿಸಿಕೊಂಡು, "ಯಾವುದೇ ಚಟುವಟಿಕೆ ಕಂಡುಬರಲಿಲ್ಲ" ಎಂದು ಬರೆದುಕೊಂಡು ಹೋದರು. ಅವರನ್ನು ನಾನು ದೂರುವುದಿಲ್ಲ, ಅವರು ಕಂಡದ್ದನ್ನೇ ಬರೆದರು. ಅಳಿಯನ ಇಡೀ ಸಾಮರ್ಥ್ಯವೇ ಏನೂ ಆಗದಂತೆ ನೋಡಿಕೊಳ್ಳುವುದರಲ್ಲಿದೆ. ಮಾವನಂತೆ ಕೂಗಾಡಿ, ಹೊಗೆ ಬಿಟ್ಟು, ಅವರ ಬಿಳಿ ಅಂಗಿಗೆ ನಾಲ್ಕು ಮಸಿ ಚುಕ್ಕೆ ಹಾಕಿದ್ದರೆ ಅವನನ್ನು ಕ್ರಿಯಾಶೀಲನೆಂದು ದಾಖಲಿಸುತ್ತಿದ್ದರು. ಸದ್ದು ಮಾಡದೆ ಕೆಲಸ ಮಾಡುವವರು ಕಚೇರಿಗಳ ಕಣ್ಣಿಗೆ ನಿಷ್ಕ್ರಿಯರಾಗಿ ಕಾಣುವುದು ತಮ್ಮ ಅನುಭವಕ್ಕೂ ಬಂದಿರಬಹುದು. ತಮ್ಮಲ್ಲಿಯೂ ಅಂಥ ಒಬ್ಬಿಬ್ಬರು ಇರಲೇಬೇಕು.

ಹೀಗೆ ಹತ್ತೊಂಬತ್ತು ದಿನ ದುಡಿದ ಅಳಿಯ ಸೋಮವಾರ ವಿಸರ್ಜನೆಯಾದ. ಗುರುವಾರ ನಾವು ಮಾವನ ಮೇಲಿನ ಗೋಣಿತಾಟು ತೆಗೆದೆವು. ಅಂದಿನದು ನಗರದ ಬಸ್ಸು ಓಡಿಸುವ ಹೆಂಗಸಿನ ಚೊಚ್ಚಲ ಹೆರಿಗೆ. ಮೂರು ಗಂಟೆ ಹತ್ತು ನಿಮಿಷಕ್ಕೆ ಕರೆಂಟು ಹೋಯಿತು. ಹಗ್ಗದ ಮೂರನೆಯ ಎಳೆತಕ್ಕೆ ಮಾವ ಎದ್ದ. ತಂಗಿ ಕೊಳವೆಗೆ ಕಿವಿಯಾನಿಸಿದವಳು ತಲೆಯೆತ್ತಿ ಕೂಗಿದಳು:

"ಅಕ್ಕಾ! ಮಾವನ ಬಾಯಿ ಮುಚ್ಚಿಸು!"

ಓಡಿದೆ, ನಿಲ್ಲಿಸಿದೆ. ದೀಪ ಆರಿತು, ಕೂಸಿಗಾಗಿ ಬಿಸಿಯಾಗುತ್ತಿದ್ದ ಶಾಖಪೆ‌ಟ್ಟಿಗೆಯೂ ಆರಿತು. ಕಿಟಕಿಯ ಮಂದ ಬೆಳಕಿನಲ್ಲಿ ತಂಗಿ ಪೂರ್ತಿ ಒಂದು ನಿಮಿಷ ಎಣಿಸಿದಳು. "ನೂರ ನಲವತ್ತೆರಡು. ಸರಿಯಾಗಿದೆ. ಎಬ್ಬಿಸು ಅವನ್ನ." ಓಡಿದೆ, ಎಬ್ಬಿಸಿದೆ. ಸ್ವಲ್ಪ ಹೊತ್ತಿಗೆ ಮತ್ತೆ ನಿಲ್ಲಿಸು, ಮತ್ತೆ ಎಬ್ಬಿಸು. ನನಗೆ ಐವತ್ತೆಂಟು ವರ್ಷ, ಮೊಣಕಾಲುಗಳಿಗೆ ಇನ್ನೂ ನಾಲ್ಕೈದು ಹೆಚ್ಚು. ಐದನೆಯ ಸಲಕ್ಕೆ ಆ ಬಸ್ಸಿನವಳು ನೋವಿನ ನಡುವೆಯೇ ಕಿರುಚಿದಳು: "ಏನ್ರಮ್ಮ ಇದು, ಸ್ಟಾಪಿಗೊಂದ್ಸಲ ಇಂಜಿನ್ ಆಫ್ ಮಾಡ್ತಿದೀರಿ! ನನ್ನ ಅಣಕಿಸ್ತಿದೀರಾ?" ಕೋಣೆಯಲ್ಲಿದ್ದವರೆಲ್ಲ ನಕ್ಕೆವು, ಅವಳೂ ನಕ್ಕಳು. ಎಂಟನೆಯ ಸಲ ಮಾವ ಏಳಲಿಲ್ಲ. ಎಳೆದೆ, ಬೇಡಿಕೊಂಡೆ, ಒದ್ದೆ. ಒಳಗಿನಿಂದ ತಂಗಿಯ ದನಿ, "ಅಕ್ಕಾ, ಬೆಳಕು! ಈಗ ಬೆಳಕು ಬೇಕು!" ಆ ನಾಲ್ಕು ನಿಮಿಷಗಳನ್ನು ದಾಖಲೆಯಲ್ಲಿ ಎಲ್ಲಿ ಬರೆಯಬೇಕೆಂದು ನನಗೆ ತಿಳಿಯದೆ ಹಾಗೆಯೇ ಬಿಟ್ಟಿದ್ದೇನೆ. ಮಾವ ಎದ್ದ. ಹೆಣ್ಣುಮಗು, ಮೂರು ಕಿಲೋ ನೂರು ಗ್ರಾಂ, ನಾಲ್ಕು ಗಂಟೆ ನಲವತ್ತೊಂದು ನಿಮಿಷ, ತಾಯಿ ಮಗು ಕ್ಷೇಮ. ಇಡೀ ಹೊತ್ತು ಆರು ಮಾರು ದೂರದಲ್ಲಿ ಅಳಿಯ ಕೆಂಪು ಪಟ್ಟಿ ಕಟ್ಟಿಸಿಕೊಂಡು, ಎಂದಿನಂತೆ ಒಂದು ಮಾತೂ ಆಡದೆ ನಿಂತಿದ್ದ.

ಈಗ ನನ್ನ ಬೇಡಿಕೆ.

ನನ್ನ ಹಳೆಯ ಅರ್ಜಿಯನ್ನು ಹಿಂಪಡೆಯುತ್ತಿದ್ದೇನೆ. ಹೊಸದನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ. ಅದರಲ್ಲಿ ಕೋಶ ಎಂಬ ಪದ ಒಮ್ಮೆಯೂ ಬಂದಿಲ್ಲ, ಬೋಲ್ಟು ಹೇಳಿದಂತೆ ಫ್ಯೂಯೆಲ್ ಸೆಲ್ ಎಂದೇ ಇದೆ. ಸೆಲ್ ಎಂದರೆ ಟಾರ್ಚಿಗೆ ಹಾಕುವುದೂ ಅಲ್ಲ, ಕಿವಿಗೆ ಹಿಡಿದು ಮಾತಾಡುವುದೂ ಅಲ್ಲ, ಕೈದಿಯನ್ನು ಕೂಡಿಹಾಕುವುದೂ ಅಲ್ಲ ಎಂದು ಅಡಿಯಲ್ಲಿ ಒಂದು ಟಿಪ್ಪಣಿ ಸೇರಿಸಿದ್ದೇನೆ. ಇನ್ನೊಂದು ಸುತ್ತಿನ ಪ್ರಶ್ನಾವಳಿಗೆ ನಮ್ಮಲ್ಲಿ ಸಮಯವಿಲ್ಲ. ಹಾಜರಿ ಪುಸ್ತಕ ತರುವವರ ಬದಲು ಅನಿಲದ ಒತ್ತಡ ಅಳೆಯುವ ಉಪಕರಣ ತರುವವರೊಬ್ಬರನ್ನು ಈ ತಿಂಗಳೊಳಗೆ ಕಳಿಸಿ. ಅವರು ಏನು ತಪ್ಪು ಹುಡುಕಿದರೂ ಸರಿಪಡಿಸುತ್ತೇವೆ, ನಿಜವಾದ ತಪ್ಪು ಹುಡುಕುವವರ ಮೇಲೆ ನನಗೆ ಗೌರವವಿದೆ. ಯಾರೂ ಬಿಡುವಾಗಿಲ್ಲವೆಂದರೆ ತಾವೇ ಒಂದು ಮಧ್ಯಾಹ್ನ ಮೂರಕ್ಕೆ ಬನ್ನಿ. ಮಾವನನ್ನು ಎಬ್ಬಿಸುತ್ತೇವೆ. ನನ್ನ ಮಗಳು ಒಪ್ಪಿದ್ದಾಳೆ, ತಂಗಿಯ ಕೊಳವೆಗೆ ತಾವು ಕಿವಿಯಾನಿಸಿ. ಮಾವನ ಗದ್ದಲದಲ್ಲಿ ತಮಗೆ ನನ್ನ ಮೊಮ್ಮಗುವಿನ ಎದೆಬಡಿತ ಕೇಳಿಸಿದರೆ ಈ ಪತ್ರದ ಪ್ರತಿಯೊಂದು ಸಾಲನ್ನೂ ಹಿಂಪಡೆದು, ಬಹಿರಂಗವಾಗಿಯೇ ಕ್ಷಮೆ ಕೇಳುತ್ತೇನೆ. ಕೇಳಿಸದಿದ್ದರೆ ಆ ಕೆಂಪು ಪಟ್ಟಿಯನ್ನು ತಮ್ಮ ಕೈಯಾರೆ ಕಿತ್ತು ಹೋಗಿ.

ಮತ್ತೊಂದು ವಿಷಯ. ಸಭೆಯ ನಡಾವಳಿಯನ್ನು ತಾವು ಕೇಳಿದ್ದಿರಿ, ನಾನು ಲಗತ್ತಿಸಲಿಲ್ಲ. ಯೋಚಿಸಿದ ಮೇಲೆ ಅದು ನನ್ನ ಲೋಪವೆಂದು ಅನ್ನಿಸಿತು. ಹತ್ತೊಂಬತ್ತು ದಿನಗಳಲ್ಲಿ ಹದಿನಾಲ್ಕು ಸಲ ಕರೆಂಟು ಹೋಗಿದೆ, ಹದಿನಾಲ್ಕು ಸಲವೂ ಕೋಶ ಸೇರಿದೆ. ಹಾಜರಿ: ಹೈಡ್ರೋಜನ್, ಆಮ್ಲಜನಕ. ಗೈರುಹಾಜರಿ: ಹೊಗೆ, ಸದ್ದು. ಚರ್ಚೆ: ಇಲ್ಲ. ನಿರ್ಣಯ: ನೀರು, ಸರ್ವಾನುಮತದಿಂದ. ಸಭೆ ನಡೆಯುತ್ತಿದ್ದಾಗ ಹುಟ್ಟಿದವರು: ಐದು ಮಕ್ಕಳು, ಐದರ ಎದೆಬಡಿತವೂ ಕೊನೆಯವರೆಗೆ ಕೇಳಿಸಿತ್ತು.

ನಿನ್ನೆ ಮಗಳು ನನ್ನ ಮೇಜಿನ ಪಕ್ಕದ ಬೆಂಚಿನಲ್ಲಿ ಕಾಲು ಚಾಚಿ ಕುಳಿತು ಈ ಪತ್ರವನ್ನು ಇಲ್ಲಿಯವರೆಗೆ ಓದಿ, ಎರಡು ಕಡೆ ನಕ್ಕು, ಆಮೇಲೆ ಕೇಳಿದಳು: "ಎಲ್ಲಾ ಸರಿ ಅಮ್ಮಾ. ನಿನ್ನ ಸಾಹೇಬ್ರು ಪಟ್ಟಿ ತೆಗೀಲಿಲ್ಲ ಅಂದ್ರೆ ನನ್ನ ಹೆರಿಗೆ ದಿನ ಮಾವನ ಹತ್ರ ಓಡೋಳು ನೀನೇ ಅಲ್ವಾ? ಹಾಗಾದ್ರೆ ನನ್ನ ಕೈ ಹಿಡ್ಕೊಳ್ಳೋರು ಯಾರು?"

ಹದಿನಾಲ್ಕು ಪ್ರಶ್ನೆಗಳಿಗೆ ಉತ್ತರಿಸಿದವಳು ಈ ಒಂದನ್ನು ಹದಿನೈದನೆಯದೆಂದು ಪತ್ರಕ್ಕೆ ಸೇರಿಸಿದ್ದೇನೆ. ಇದಕ್ಕೆ ಉತ್ತರಿಸಬೇಕಾದವರು ತಾವು.

ಇಂತಿ,
ಸರಿಯಾದ ಪದವನ್ನು ತಪ್ಪಾದ ಕಚೇರಿಗೆ ಕಳಿಸಿದ ಹೆರಿಗೆ ಮನೆಯ ದಾಖಲೆಗಾರ್ತಿ,
ಸದ್ಯಕ್ಕೆ ಮಾವನನ್ನು ಎಬ್ಬಿಸುವವಳು,
ಹನ್ನೆರಡನೇ ತಾರೀಖಿನಿಂದ ಅಜ್ಜಿ